ಕಪ್ಪೆಯ ಬಣ್ಣದ ಹಿಂದೆ ಪಿಟ್ಯುಟರಿಯ ಕೈವಾಡ

ಮೃಗಶಿರಾ ಮಳೆ ಚೆನ್ನಾಗಿ ಬಿದ್ದ ರಾತ್ರಿ ಗದಗ-ಬೆಟಗೇರಿಯ ಸುತ್ತಲಿನ ಎರೆ ಹೊಲಗಳ ಒಡ್ಡುಗಳಲ್ಲಿ, ಲಕ್ಷ್ಮೇಶ್ವರ ಮತ್ತು ಶಿರಹಟ್ಟಿಯ ರಸ್ತೆ ಬದಿಯ ಗುಂಡಿಗಳಲ್ಲಿ, ಮುಂಡರಗಿ ಕಡೆಯ ಹಳ್ಳಗಳಲ್ಲಿ ಕಪ್ಪೆಗಳ ವಟವಟ ಸದ್ದು ಕಿವಿಗಡಚಿಕ್ಕುತ್ತದೆ. ಆ ಸದ್ದನ್ನು ನೀವು ಕೇಳಿಯೇ ಇರುತ್ತೀರಿ. ಆದರೆ ಕಪ್ಪೆಗಳ ಬಣ್ಣವನ್ನು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ಸುಣ್ಣದ ಗೋಡೆಗೆ ಅಂಟಿಕೊಂಡು ಹಗಲಿಡೀ ಕುಳಿತ ಮರಗಪ್ಪೆ ಬಿಳಿಚಿಕೊಂಡಿರುತ್ತದೆ. ಅದೇ ಕಪ್ಪೆ ಒದ್ದೆ ಕಟ್ಟಿಗೆಯ ರಾಶಿಯೊಳಗೆ ಸೇರಿಕೊಂಡರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕಪ್ಪೆ ಅದೇ, ಚರ್ಮವೂ ಅದೇ. ಬದಲಾದದ್ದು ಬಣ್ಣ ಮಾತ್ರ.

ಈ ಬದಲಾವಣೆಯ ಸೂತ್ರವಿರುವುದು ಚರ್ಮದಲ್ಲಲ್ಲ. ಮಿದುಳಿನ ಅಡಿಯಲ್ಲಿ ಅಡಗಿರುವ, ಕಪ್ಪೆಯಲ್ಲಿ ಸುಮಾರು ಸಾಸಿವೆ ಕಾಳಿನಷ್ಟಿರುವ ಪಿಟ್ಯುಟರಿ ಎಂಬ ನಿರ್ನಾಳ ಗ್ರಂಥಿಯಲ್ಲಿ ಅದು ಇದೆ. ಇದೇ ಗ್ರಂಥಿ ಮೂತ್ರಪಿಂಡದ ಬಳಿ ಇರುವ ಅಡ್ರಿನಲ್ ಗ್ರಂಥಿಯನ್ನೂ ದುಡಿಸುತ್ತದೆ. ಚರ್ಮದ ಬಣ್ಣಕ್ಕೂ ಅಡ್ರಿನಲ್ ಗ್ರಂಥಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು. ಅದನ್ನು ಮೊದಲು ಸ್ಪಷ್ಟವಾಗಿ ತೋರಿಸಿಕೊಟ್ಟವು ಗೊದಮೊಟ್ಟೆಗಳು. ಇಂದು ಅದೇ ತಿಳಿವಳಿಕೆ ಮನುಷ್ಯರ ಪ್ರಾಣ ಉಳಿಸಲು ನೆರವಾಗುತ್ತಿದೆ.

ಚರ್ಮದೊಳಗಿನ ವರ್ಣಕೋಶಗಳು

ಕಪ್ಪೆಯ ಚರ್ಮದಲ್ಲಿ ಬಣ್ಣಕ್ಕೆ ಕಾರಣವಾದ ಮೂರು ಬಗೆಯ ಕೋಶಗಳಿವೆ. ಮೇಲಿನ ಸಾಲಿನಲ್ಲಿ ಹಳದಿ ವರ್ಣದ್ರವ್ಯವಿರುವ ಕೋಶಗಳು. ಅವುಗಳ ಕೆಳಗೆ ಬೆಳಕನ್ನು ಪ್ರತಿಫಲಿಸುವ, ಕನ್ನಡಿಯಂಥ ಹರಳುಗಳನ್ನು ತುಂಬಿಕೊಂಡ ಕೋಶಗಳು. ಎಲ್ಲಕ್ಕಿಂತ ಕೆಳಗೆ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯವನ್ನು ಹೊತ್ತ ಮೆಲನೋಫೋರ್ ಕೋಶಗಳು. ಈ ಕಪ್ಪು ಕೋಶಗಳಿಗೆ ಮರದ ಕೊಂಬೆಗಳಂತೆ ಹಲವು ಚಾಚುಗಳಿದ್ದು, ಅವು ನಡುವಿನ ಸಾಲಿನ ಕೋಶಗಳನ್ನು ಬುಟ್ಟಿಯಂತೆ ಸುತ್ತುವರಿದಿರುತ್ತವೆ. ಈ ಮೂರೂ ಕೋಶಗಳು ಒಂದು ಘಟಕವಾಗಿ ಕೆಲಸ ಮಾಡುತ್ತವೆ ಎಂಬುದನ್ನು ಬ್ಯಾಗ್ನಾರಾ, ಟೇಲರ್ ಮತ್ತು ಹ್ಯಾಡ್ಲಿ ಎಂಬ ವಿಜ್ಞಾನಿಗಳು 1968ರಲ್ಲಿ ವಿವರಿಸಿದರು.

ಹಸಿರು ಕಪ್ಪೆಯಲ್ಲಿ ಹಸಿರು ವರ್ಣದ್ರವ್ಯ ಸಾಮಾನ್ಯವಾಗಿ ಇರುವುದೇ ಇಲ್ಲ ಎಂದರೆ ನಿಮಗೆ ಅಚ್ಚರಿಯಾಗಬಹುದು. ನಡುವಿನ ಕೋಶಗಳು ನೀಲಿ ಬೆಳಕನ್ನು ಹಿಂದಕ್ಕೆ ಕಳಿಸುತ್ತವೆ. ಅದು ಮೇಲಿನ ಹಳದಿ ಪದರದ ಮೂಲಕ ಸೋಸಿ ಬರುವಾಗ ನಮ್ಮ ಕಣ್ಣಿಗೆ ಹಸಿರಾಗಿ ಕಾಣುತ್ತದೆ.

ಇನ್ನು ಕಪ್ಪಾಗುವುದು ಮತ್ತು ಬಿಳಿಚುವುದು ಹೇಗೆ? ಮೆಲನಿನ್ ಕೋಶದ ತುಂಬ ಕರಗಿರುವುದಿಲ್ಲ. ಅದು ಮೆಲನೋಸೋಮ್ ಎಂಬ ಪುಟ್ಟ ಚೀಲಗಳಲ್ಲಿ ತುಂಬಿರುತ್ತದೆ. ಈ ಚೀಲಗಳೆಲ್ಲ ಕೋಶದ ನಡುವೆ ಗುಂಪುಗೂಡಿದರೆ ಕಪ್ಪು ಬಣ್ಣ ಒಂದು ಚುಕ್ಕೆಯಷ್ಟಾಗಿ, ಚರ್ಮ ಬಿಳಿಚಿಕೊಂಡಂತೆ ಕಾಣುತ್ತದೆ. ಅವೇ ಚೀಲಗಳು ಚಾಚುಗಳ ತುದಿಯವರೆಗೂ ಹರಡಿಕೊಂಡರೆ ಮೇಲಿನ ಕೋಶಗಳು ಮರೆಯಾಗಿ ಚರ್ಮ ಕಪ್ಪಾಗುತ್ತದೆ. ಕೊಡೆ ಮಡಚಿದಾಗ ಒಂದು ಕೋಲು, ಬಿಚ್ಚಿದಾಗ ದೊಡ್ಡ ಕಪ್ಪು ವೃತ್ತ. ಬಟ್ಟೆ ಮಾತ್ರ ಅಷ್ಟೇ. ಇಲ್ಲಿಯೂ ಹಾಗೆಯೇ. ಕೋಶದೊಳಗೆ ಸೂಕ್ಷ್ಮನಾಳಗಳೆಂಬ ಹಳಿಗಳಿವೆ. ಕೈನೆಸಿನ್ ಎಂಬ ಪ್ರೋಟೀನು ಚೀಲಗಳನ್ನು ಹೊರಕ್ಕೂ, ಡೈನೀನ್ ಎಂಬ ಪ್ರೋಟೀನು ಒಳಕ್ಕೂ ಎಳೆದೊಯ್ಯುತ್ತವೆ. ಇದಕ್ಕೆ ಕೆಲವು ನಿಮಿಷಗಳಿಂದ ಕೆಲವು ಗಂಟೆಗಳು ಸಾಕು. ಕಪ್ಪೆ ಹಲವು ದಿನ ಕಪ್ಪು ನೆಲದ ಮೇಲೆಯೇ ಇದ್ದರೆ ಮೆಲನಿನ್ ತಯಾರಿಕೆಯೂ ಹೆಚ್ಚುತ್ತದೆ. ಇದು ನಿಧಾನವಾದ, ಆದರೆ ಹೆಚ್ಚು ಕಾಲ ಉಳಿಯುವ ಬದಲಾವಣೆ.

ಅಪ್ಪಣೆ ಬರುವುದು ಎಲ್ಲಿಂದ?

ಚೀಲಗಳಿಗೆ ಹರಡಿಕೊಳ್ಳಿ ಎಂದು ಹೇಳುವುದು ಪಿಟ್ಯುಟರಿಯಿಂದ ಹೊರಟು ರಕ್ತದಲ್ಲಿ ಹರಿದು ಬರುವ ಒಂದು ಹಾರ್ಮೋನು. ಅದರ ಹೆಸರು ಮೆಲನೋಸೈಟ್ ಪ್ರಚೋದಕ ಹಾರ್ಮೋನು, ಚಿಕ್ಕದಾಗಿ ಎಂ.ಎಸ್.ಎಚ್. ಕಪ್ಪೆಯ ಪಿಟ್ಯುಟರಿಯಲ್ಲಿ ಮುಂಭಾಗ, ಮಧ್ಯಭಾಗ, ಹಿಂಭಾಗ ಎಂಬ ಮೂರು ಪಾಲುಗಳಿವೆ. ಎಂ.ಎಸ್.ಎಚ್. ಬರುವುದು ಮಧ್ಯಭಾಗದಿಂದ. ಅದು ಮೆಲನೋಫೋರ್ ಕೋಶದ ಹೊರಮೈಯಲ್ಲಿರುವ ಗ್ರಾಹಕಕ್ಕೆ ಅಂಟಿಕೊಂಡಾಗ ಕೋಶದೊಳಗೆ ಸೈಕ್ಲಿಕ್ ಎ.ಎಂ.ಪಿ. ಎಂಬ ಸಂದೇಶವಾಹಕದ ಪ್ರಮಾಣ ಏರಿ, ಮೆಲನೋಸೋಮ್‌ಗಳು ಹೊರಕ್ಕೆ ಚಲಿಸುತ್ತವೆ.

ನೆಲ ಕಪ್ಪೋ ಬಿಳಿಯೋ ಎಂಬುದು ಪಿಟ್ಯುಟರಿಗೆ ತಿಳಿಯುವುದು ಕಣ್ಣಿನ ಮೂಲಕ. ಮೇಲಿನಿಂದ ಬೀಳುವ ಬೆಳಕಿಗೂ ನೆಲದಿಂದ ಹಿಂತಿರುಗಿ ಬರುವ ಬೆಳಕಿಗೂ ಇರುವ ವ್ಯತ್ಯಾಸವನ್ನು ಕಣ್ಣು ಗುರುತಿಸಿ ಮಿದುಳಿಗೆ ತಿಳಿಸುತ್ತದೆ. ಹಿನ್ನೆಲೆ ಬಿಳಿಯಾಗಿದ್ದರೆ ಮಿದುಳಿನ ಹೈಪೋಥಲಮಸ್ ಭಾಗದ ನರತಂತುಗಳು ಡೋಪಮಿನ್ ಮೊದಲಾದ ರಾಸಾಯನಿಕಗಳನ್ನು ಸುರಿಸಿ ಎಂ.ಎಸ್.ಎಚ್. ಬಿಡುಗಡೆಯನ್ನು ತಡೆಯುತ್ತವೆ. ಹಿನ್ನೆಲೆ ಕಪ್ಪಾಗಿದ್ದರೆ ಈ ತಡೆ ಸಡಿಲಗೊಳ್ಳುತ್ತದೆ. ಅಂದರೆ ಇಲ್ಲಿ ಮಿದುಳು ಮುಖ್ಯವಾಗಿ ಮಾಡುವುದು ಲಗಾಮು ಹಿಡಿಯುವ ಕೆಲಸ. ಗೊದಮೊಟ್ಟೆಯ ಪಿಟ್ಯುಟರಿಯನ್ನು ಮಿದುಳಿನ ಸಂಪರ್ಕ ತಪ್ಪಿಸಿ ದೇಹದ ಬೇರೊಂದೆಡೆ ನೆಟ್ಟರೆ, ಲಗಾಮು ಕಳಚಿದ ಗ್ರಂಥಿ ಎಡೆಬಿಡದೆ ಎಂ.ಎಸ್.ಎಚ್. ಸುರಿಸುತ್ತದೆ. ಆಗ ಗೊದಮೊಟ್ಟೆ ಬಿಳಿ ಹಿನ್ನೆಲೆಯಲ್ಲಿಯೂ ಕಪ್ಪಾಗಿಯೇ ಉಳಿಯುತ್ತದೆ.

ಬಿಳಿಚುವಂತೆ ಮಾಡುವ ಹಾರ್ಮೋನು ಇನ್ನೊಂದಿದೆ. ದನಗಳ ಪೀನಿಯಲ್ ಗ್ರಂಥಿಯ ಸಾರವನ್ನು ತಿಂದ ಗೊದಮೊಟ್ಟೆಗಳು ಬಿಳಿಚಿಕೊಳ್ಳುತ್ತವೆ ಎಂಬುದನ್ನು ಮೆಕ್‌ಕಾರ್ಡ್ ಮತ್ತು ಅಲೆನ್ 1917ರಲ್ಲಿ ಕಂಡಿದ್ದರು. ಅಮೆರಿಕದ ಚರ್ಮವೈದ್ಯ ಏರನ್ ಲರ್ನರ್ ಮತ್ತು ಸಂಗಡಿಗರು 1958ರಲ್ಲಿ ಆ ವಸ್ತುವನ್ನು ಬೇರ್ಪಡಿಸಿ ಮೆಲಟೋನಿನ್ ಎಂದು ಹೆಸರಿಟ್ಟರು. ಅವರ ಅಳತೆಗೋಲು ಕಪ್ಪೆಯ ಚರ್ಮವೇ ಆಗಿತ್ತು. ಇಂದು ನಿದ್ರೆಯ ವಿಷಯ ಬಂದಾಗಲೆಲ್ಲ ಕೇಳುವ ಮೆಲಟೋನಿನ್ ಹೆಸರು ಹುಟ್ಟಿದ್ದು ಹೀಗೆ. ಕತ್ತಲಾದೊಡನೆ ಹಲವು ಜಾತಿಯ ಗೊದಮೊಟ್ಟೆಗಳು ಬಿಳಿಚುವುದಕ್ಕೂ ಇದೇ ಕಾರಣ. ಇವಲ್ಲದೆ ಉಷ್ಣತೆ, ತೇವ, ಹೆದರಿಕೆ ಇವೂ ಬಣ್ಣದ ಮೇಲೆ ಪರಿಣಾಮ ಬೀರುತ್ತವೆ. ಬಿಸಿಲಿನ ಬೇಗೆಯಲ್ಲಿ ಕಪ್ಪೆಗಳು ಸಾಮಾನ್ಯವಾಗಿ ಬಿಳಿಚುತ್ತವೆ, ತಂಪಿನಲ್ಲಿ ಕಪ್ಪಾಗುತ್ತವೆ. ಮಳೆಗಾಲದ ಮೊದಲ ದಿನಗಳಲ್ಲಿ ಗಂಡು ಗೂಳಿಗಪ್ಪೆಗಳು ನಿಂಬೆಯಂತೆ ಹಳದಿಯಾಗುವುದನ್ನು ನೀವು ನೋಡಿರಬಹುದು. ಅದು ಸಂತಾನೋತ್ಪತ್ತಿ ಕಾಲದ ಬಣ್ಣ. ನಾವಿಲ್ಲಿ ಹೇಳುತ್ತಿರುವ ಕಪ್ಪು-ಬಿಳಿಪಿನ ಬದಲಾವಣೆಯೊಡನೆ ಅದನ್ನು ಬೆರೆಸಬಾರದು.

ಬೆಳ್ಳಿ ಬಣ್ಣದ ಗೊದಮೊಟ್ಟೆಗಳು

ಪಿಟ್ಯುಟರಿಯೇ ಇಲ್ಲದಿದ್ದರೆ ಏನಾಗುತ್ತದೆ? 1916ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ಬೇರೆ ಬೇರೆಯಾಗಿ ಈ ಪ್ರಶ್ನೆಗೆ ಉತ್ತರ ಕಂಡುಕೊಂಡರು. ಒಬ್ಬರು ಕ್ಯಾಲಿಫೋರ್ನಿಯಾದ ಫಿಲಿಪ್ ಸ್ಮಿತ್, ಇನ್ನೊಬ್ಬರು ಕಾನ್ಸಾಸಿನ ಬೆನೆಟ್ ಅಲೆನ್. ಕಪ್ಪೆಯ ಭ್ರೂಣ ಕೆಲವೇ ಮಿಲಿಮೀಟರು ಉದ್ದವಿರುವಾಗ, ಮುಂದೆ ಪಿಟ್ಯುಟರಿಯಾಗಿ ಬೆಳೆಯಬೇಕಾದ ಮೊಳಕೆಯನ್ನು ಅವರು ಸೂಕ್ಷ್ಮದರ್ಶಕದಡಿ ಕತ್ತರಿಸಿ ತೆಗೆದರು. ಭ್ರೂಣಗಳು ಸಾಯಲಿಲ್ಲ. ಬೆಳೆದು ಗೊದಮೊಟ್ಟೆಗಳಾದವು. ಆದರೆ ಒಡಹುಟ್ಟಿದವೆಲ್ಲ ಕಪ್ಪಗಿರುವಾಗ ಇವು ಮಾತ್ರ ಬೆಳ್ಳಿಯಂತೆ ಹೊಳೆಯುತ್ತಿದ್ದವು.

ಅಷ್ಟೇ ಅಲ್ಲ, ಈ ಬೆಳ್ಳಿ ಗೊದಮೊಟ್ಟೆಗಳು ಕಪ್ಪೆಗಳಾಗಲೇ ಇಲ್ಲ. ಅವುಗಳ ಥೈರಾಯ್ಡ್ ಗ್ರಂಥಿ ಬಹಳ ಚಿಕ್ಕದಾಗಿ ಉಳಿದಿತ್ತು. ಥೈರಾಯ್ಡ್ ತಿನ್ನಿಸಿದ ಗೊದಮೊಟ್ಟೆಗಳು ಅವಧಿಗೆ ಮುಂಚೆಯೇ ಕಪ್ಪೆಗಳಾಗುತ್ತವೆ ಎಂದು ಗುಡರ್ನ್ಯಾಷ್ 1912ರಲ್ಲಿಯೇ ತೋರಿಸಿದ್ದರಿಂದ ಈ ಸಂಬಂಧ ಅರ್ಥವಾಯಿತು. ಮೂರನೆಯ ಬದಲಾವಣೆಯೂ ಇತ್ತು. ಅಡ್ರಿನಲ್ ಗ್ರಂಥಿಯ ಹೊರಪದರಕ್ಕೆ ಸೇರಿದ ಕೋಶಗಳೂ ಸೊರಗಿದ್ದವು. ಚರ್ಮ, ಥೈರಾಯ್ಡ್, ಅಡ್ರಿನಲ್ ಈ ಮೂರೂ ಒಂದೇ ಗ್ರಂಥಿಯ ಅಧೀನದಲ್ಲಿವೆ ಎಂಬ ಸತ್ಯ ಹೀಗೆ ಬಯಲಾಯಿತು.

ಬ್ರಿಟನ್ನಿನ ಲ್ಯಾನ್ಸ್‌ಲಾಟ್ ಹಾಗ್‌ಬೆನ್ 1920ರ ದಶಕದಲ್ಲಿ ಇದನ್ನು ಬೆಳೆದ ಕಪ್ಪೆಗಳಲ್ಲಿ ಮುಂದುವರಿಸಿದರು. ಪಿಟ್ಯುಟರಿ ತೆಗೆದ ಕಪ್ಪೆ ಬಿಳಿಚಿಕೊಂಡೇ ಉಳಿಯುತ್ತಿತ್ತು. ಗ್ರಂಥಿಯ ಸಾರವನ್ನು ಚುಚ್ಚಿದೊಡನೆ ಕಪ್ಪಾಗುತ್ತಿತ್ತು. ಮುಂದೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಅವರು ನಡೆಸಿದ ಪ್ರಯೋಗಗಳಿಂದಲೇ ಕಪ್ಪೆಯನ್ನು ಬಳಸಿ ಗರ್ಭಧಾರಣೆಯನ್ನು ಪತ್ತೆ ಮಾಡುವ ಪರೀಕ್ಷೆ ಹುಟ್ಟಿಕೊಂಡಿತು. ಬಣ್ಣದ ಕುತೂಹಲ ಹೀಗೆ ಆಸ್ಪತ್ರೆಯ ಬಾಗಿಲು ತಲುಪಿತು.

ಒಂದೇ ತಾಯಿ, ಇಬ್ಬರು ಮಕ್ಕಳು

ಪಿಟ್ಯುಟರಿ ಅಡ್ರಿನಲ್ ಗ್ರಂಥಿಯನ್ನು ದುಡಿಸುವುದು ಎ.ಸಿ.ಟಿ.ಎಚ್. ಎಂಬ ಹಾರ್ಮೋನಿನ ಮೂಲಕ. ಅದರಲ್ಲಿ 39 ಅಮೈನೋ ಆಮ್ಲಗಳು ಮಣಿಸರದಂತೆ ಪೋಣಿಸಿಕೊಂಡಿವೆ. ಚರ್ಮವನ್ನು ಕಪ್ಪಾಗಿಸುವ ಆಲ್ಫಾ ಎಂ.ಎಸ್.ಎಚ್.ನಲ್ಲಿ ಇರುವುದು 13 ಮಾತ್ರ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ವಿಜ್ಞಾನಿಗಳಿಗೆ ಒಂದು ಸ್ವಾರಸ್ಯ ಕಂಡಿತು. ಎ.ಸಿ.ಟಿ.ಎಚ್. ಸರದ ಮೊದಲ 13 ಮಣಿಗಳೇ ಎಂ.ಎಸ್.ಎಚ್!

ಇದು ಕಾಕತಾಳೀಯವಲ್ಲ. ಪ್ರೊಓಪಿಯೋಮೆಲನೋಕಾರ್ಟಿನ್ ಎಂಬ ಉದ್ದ ಹೆಸರಿನ ದೊಡ್ಡ ಪ್ರೋಟೀನೊಂದಿದೆ. 1979ರಲ್ಲಿ ಜಪಾನಿನ ನಾಕಾನಿಶಿ, ನೂಮಾ ಮತ್ತು ಸಂಗಡಿಗರು ಅದರ ಪೂರ್ಣ ರಚನೆಯನ್ನು ಬಿಡಿಸಿದರು. ಎ.ಸಿ.ಟಿ.ಎಚ್., ಎಂ.ಎಸ್.ಎಚ್. ಮತ್ತು ನೋವು ಶಮನಕ್ಕೆ ಸಂಬಂಧಿಸಿದ ಎಂಡಾರ್ಫಿನ್ ಎಲ್ಲವೂ ಈ ಒಂದೇ ತಾಯಿ ಪ್ರೋಟೀನನ್ನು ಕತ್ತರಿಸಿದಾಗ ಸಿಗುವ ತುಂಡುಗಳು. ಎಲ್ಲಿ ಕತ್ತರಿಸಬೇಕು ಎಂಬುದನ್ನು ಆಯಾ ಕೋಶದಲ್ಲಿರುವ ಕಿಣ್ವಗಳು ನಿರ್ಧರಿಸುತ್ತವೆ. ಒಂದೇ ಥಾನು ಬಟ್ಟೆಯಿಂದ ಒಬ್ಬ ದರ್ಜಿ ಅಂಗಿ ಹೊಲಿದರೆ ಇನ್ನೊಬ್ಬ ಟೋಪಿ ಹೊಲಿದಂತೆ ಇದು. ಕಪ್ಪೆಯ ಪಿಟ್ಯುಟರಿಯ ಮುಂಭಾಗದ ಕೋಶಗಳು ತಾಯಿ ಪ್ರೋಟೀನನ್ನು ಎ.ಸಿ.ಟಿ.ಎಚ್. ಹಂತಕ್ಕೆ ಕತ್ತರಿಸಿ ನಿಲ್ಲಿಸುತ್ತವೆ. ಮಧ್ಯಭಾಗದ ಕೋಶಗಳು ಅಲ್ಲಿಗೇ ನಿಲ್ಲದೆ ಇನ್ನೂ ಚಿಕ್ಕದಾಗಿ ಕತ್ತರಿಸಿ ಎಂ.ಎಸ್.ಎಚ್. ಮಾಡುತ್ತವೆ.

ಈ ಏರ್ಪಾಡಿನ ಜಾಣತನವನ್ನು ಗಮನಿಸಿ. ಎರಡು ದರ್ಜಿಗಳು ಎರಡು ಕೋಣೆಗಳಲ್ಲಿ ಕುಳಿತಿದ್ದಾರೆ, ಅವರಿಗೆ ಅಪ್ಪಣೆ ಬರುವ ದಾರಿಗಳೂ ಬೇರೆ. ಆದ್ದರಿಂದ ಎರೆ ಮಣ್ಣಿನ ಮೇಲೆ ಕುಳಿತ ಕಪ್ಪೆ ಕಪ್ಪಾದಾಗಲೆಲ್ಲ ಅದರ ಅಡ್ರಿನಲ್ ಗ್ರಂಥಿ ಅನವಶ್ಯಕವಾಗಿ ದುಡಿಯಬೇಕಾಗಿಲ್ಲ. ಬೆಳೆದ ಮನುಷ್ಯರಲ್ಲಿ ಇಂಥ ಪ್ರತ್ಯೇಕ ಮಧ್ಯಭಾಗ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಈ ವ್ಯತ್ಯಾಸವನ್ನು ನೆನಪಿಡಿ. ಮುಂದೆ ಇದೇ ಮುಖ್ಯವಾಗುತ್ತದೆ.

ಕಪ್ಪೆಯ ಅಡ್ರಿನಲ್ ಎಲ್ಲಿದೆ?

ಮನುಷ್ಯನಲ್ಲಿ ಅಡ್ರಿನಲ್ ಗ್ರಂಥಿಗಳು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿವೆ. ಕಪ್ಪೆಯಲ್ಲಿ ಅವು ಮೂತ್ರಪಿಂಡದ ಹೊಟ್ಟೆಯ ಬದಿಗೆ ಅಂಟಿಕೊಂಡ ಕಿತ್ತಳೆ-ಹಳದಿ ಬಣ್ಣದ ಪಟ್ಟಿಗಳು. ಹಿಂದೆ ಕಾಲೇಜುಗಳಲ್ಲಿ ಕಪ್ಪೆಯನ್ನು ಛೇದಿಸಿ ಕಲಿತವರಿಗೆ ಈ ಪಟ್ಟಿ ನೆನಪಿರಬಹುದು. ನಮ್ಮಲ್ಲಿ ಹೊರಪದರ, ಒಳತಿರುಳು ಎಂದು ಬೇರೆ ಬೇರೆಯಾಗಿರುವ ಎರಡು ಬಗೆಯ ಕೋಶಗಳು ಕಪ್ಪೆಯಲ್ಲಿ ಒಂದರೊಳಗೊಂದು ಬೆರೆತಿವೆ. ಒಂದು ಬಗೆಯ ಕೋಶಗಳು ಅಡ್ರಿನಲಿನ್ ಮೊದಲಾದವನ್ನು ಸುರಿಸುತ್ತವೆ. ಇನ್ನೊಂದು ಬಗೆಯವು ಸ್ಟೀರಾಯ್ಡ್ ಹಾರ್ಮೋನುಗಳನ್ನು ತಯಾರಿಸುತ್ತವೆ. ಎ.ಸಿ.ಟಿ.ಎಚ್.ಗೆ ಮುಖ್ಯವಾಗಿ ಓಗೊಡುವುದು ಈ ಎರಡನೆಯ ಬಗೆ.

ಕಪ್ಪೆಯ ಮುಖ್ಯ ಅಡ್ರಿನಲ್ ಸ್ಟೀರಾಯ್ಡುಗಳು ಕಾರ್ಟಿಕೋಸ್ಟೀರೋನ್ ಮತ್ತು ಆಲ್ಡೋಸ್ಟೀರೋನ್. ಮೊದಲನೆಯದು ಸಂಕಷ್ಟ ಕಾಲದಲ್ಲಿ ದೇಹದ ಶಕ್ತಿಯ ಉಳಿತಾಯವನ್ನು ಬಳಕೆಗೆ ತರುತ್ತದೆ. ಎರಡನೆಯದು ಉಪ್ಪನ್ನು ಕಾಯುತ್ತದೆ. ಸಿಹಿನೀರಿನಲ್ಲಿ ಬದುಕುವ ಕಪ್ಪೆಯ ದೇಹದಿಂದ ಉಪ್ಪು ಸದಾ ಸೋರಿಹೋಗುತ್ತಿರುತ್ತದೆ. ಆಲ್ಡೋಸ್ಟೀರೋನ್ ಪ್ರಭಾವದಿಂದ ಕಪ್ಪೆಯ ಚರ್ಮ ನೀರಿನಲ್ಲಿರುವ ಅತ್ಯಲ್ಪ ಸೋಡಿಯಮ್ಮನ್ನೂ ಹೀರಿಕೊಳ್ಳಬಲ್ಲದು. ಎಂದರೆ ಚರ್ಮ ಎಂ.ಎಸ್.ಎಚ್.ನ ಮಾತನ್ನಷ್ಟೇ ಅಲ್ಲ, ಅಡ್ರಿನಲ್ಲಿನ ಮಾತನ್ನೂ ಕೇಳುತ್ತದೆ.

ಇಲ್ಲೊಂದು ತಿರುಗುಬಾಣದ ವ್ಯವಸ್ಥೆಯೂ ಇದೆ. ರಕ್ತದಲ್ಲಿ ಅಡ್ರಿನಲ್ ಸ್ಟೀರಾಯ್ಡ್ ಹೆಚ್ಚಾದರೆ ಅದು ಮಿದುಳಿಗೂ ಪಿಟ್ಯುಟರಿಗೂ 'ಇನ್ನು ಸಾಕು' ಎಂಬ ಸಂದೇಶ ಕಳಿಸುತ್ತದೆ. ಆಗ ಎ.ಸಿ.ಟಿ.ಎಚ್. ಇಳಿಯುತ್ತದೆ. ಸ್ಟೀರಾಯ್ಡ್ ಕಡಿಮೆಯಾದರೆ ಎ.ಸಿ.ಟಿ.ಎಚ್. ಏರುತ್ತದೆ. ಮೇಲ್ತೊಟ್ಟಿ ತುಂಬಿದಾಗ ನಲ್ಲಿಯನ್ನು ತಾನೇ ಮುಚ್ಚುವ ತೇಲುಗುಂಡಿನಂತೆ ಇದರ ಕೆಲಸ.

ಬತ್ತುವ ಗುಂಡಿಯಲ್ಲಿ ಬದುಕಿನ ಓಟ

ಗದಗ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 600 ಮಿಲಿಮೀಟರು ಮಳೆ. ಅದೂ ಬಿಡಿ ಬಿಡಿಯಾಗಿ ಬೀಳುತ್ತದೆ. ಒಂದು ಹದ ಮಳೆಯಾದ ಮೇಲೆ ಎರಡು ಮೂರು ವಾರ ಬಿಸಿಲು ಕಾಯುವುದು ಇಲ್ಲಿನ ರೈತರಿಗೆ ಹೊಸದಲ್ಲ. ಕಪ್ಪತಗುಡ್ಡದ ಬುಡದ ಮಸಾರಿ ನೆಲದಲ್ಲಿ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ತಗ್ಗುಗಳಲ್ಲಿ ನಿಂತ ನೀರಿಗೆ ಆಯುಷ್ಯ ಕಡಿಮೆ. ಆದರೆ ಮೊಟ್ಟೆಯೊಡೆದು ಬಂದ ಗೊದಮೊಟ್ಟೆಗೆ ಕಾಲು ಮೂಡಿ, ಬಾಲ ಕರಗಿ, ನೆಲಕ್ಕೆ ಜಿಗಿಯಲು ಹಲವು ಜಾತಿಗಳಲ್ಲಿ ಸುಮಾರು ಒಂದು ತಿಂಗಳಾದರೂ ಬೇಕು. ನೀರು ಅದಕ್ಕೂ ಮೊದಲೇ ಬತ್ತತೊಡಗಿದರೆ? ರೈತನ ಬೆಳೆಯಂತೆ ಗೊದಮೊಟ್ಟೆಯ ಬದುಕೂ ಮುಂದಿನ ಮಳೆಯನ್ನು ನಂಬಿ ನಿಂತಿದೆ. ವ್ಯತ್ಯಾಸವೆಂದರೆ ಗೊದಮೊಟ್ಟೆ ತನ್ನ ಬೆಳವಣಿಗೆಯ ವೇಗವನ್ನು ಬದಲಿಸಿಕೊಳ್ಳಬಲ್ಲದು.

ನೆರೆಯ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗ ಕಪ್ಪೆಗಳ ಅಧ್ಯಯನಕ್ಕೆ ಹೆಸರಾದುದು. ಅಲ್ಲಿನ ಎಸ್. ಕೆ. ಸೈದಾಪುರ, ಭಾಗ್ಯಶ್ರೀ ಶಾನಭಾಗ ಮತ್ತು ಸಂಗಡಿಗರು ಬಿಲ ತೋಡಿ ಬದುಕುವ ಸ್ಫೇರೋಥೀಕಾ ಬ್ರೆವಿಸೆಪ್ಸ್ ಎಂಬ ಕಪ್ಪೆಯ ಗೊದಮೊಟ್ಟೆಗಳನ್ನು ಪ್ರಯೋಗಾಲಯದಲ್ಲಿ ಸಾಕಿ, 2011ರಲ್ಲಿ ಒಂದು ಫಲಿತಾಂಶವನ್ನು ಪ್ರಕಟಿಸಿದರು. ನೀರಿನ ಮಟ್ಟವನ್ನು ಕ್ರಮೇಣ ಇಳಿಸುತ್ತ ಬಂದ ತೊಟ್ಟಿಗಳಲ್ಲಿ ಗೊದಮೊಟ್ಟೆಗಳು ಬೇಗನೆ ರೂಪಾಂತರ ಹೊಂದಿ ಮರಿಗಪ್ಪೆಗಳಾದವು. ಆದರೆ ಆ ಮರಿಗಪ್ಪೆಗಳ ಗಾತ್ರ ಚಿಕ್ಕದಾಗಿತ್ತು. ಬದುಕಿ ಉಳಿಯುವುದಕ್ಕೆ ಅವು ತೆತ್ತ ಬೆಲೆ ಇದು.

ಇಂಥ ಅವಸರದ ಹಿಂದಿರುವ ಹಾರ್ಮೋನುಗಳ ಸರಪಳಿಯನ್ನು ಅಮೆರಿಕದ ಒಣನಾಡಿನ ಸ್ಪೇಡ್‌ಫುಟ್ ಕಪ್ಪೆಗಳಲ್ಲಿ ರಾಬರ್ಟ್ ಡೆನ್ವರ್ 1990ರ ದಶಕದಲ್ಲಿ ಬಿಡಿಸಿ ತೋರಿಸಿದರು. ನೀರು ಇಳಿಯುತ್ತಿದ್ದಂತೆ ಗೊದಮೊಟ್ಟೆಯ ಹೈಪೋಥಲಮಸ್‌ನಲ್ಲಿ ಸಿ.ಆರ್.ಎಚ್. ಎಂಬ ಸಂಕೇತ ಹೆಚ್ಚುತ್ತದೆ. ಗೊದಮೊಟ್ಟೆಯಲ್ಲಿ ಈ ಒಂದೇ ಸಂಕೇತ ಪಿಟ್ಯುಟರಿಯಿಂದ ಎರಡು ಹಾರ್ಮೋನುಗಳನ್ನು ಹೊರಡಿಸುತ್ತದೆ. ಒಂದು ಥೈರಾಯ್ಡನ್ನು ಚುರುಕುಗೊಳಿಸುವ ಟಿ.ಎಸ್.ಎಚ್., ಇನ್ನೊಂದು ಅಡ್ರಿನಲ್ಲನ್ನು ಚುರುಕುಗೊಳಿಸುವ ಎ.ಸಿ.ಟಿ.ಎಚ್. ಥೈರಾಯ್ಡಿನ ಹಾರ್ಮೋನು ಬಾಲವನ್ನು ಕರಗಿಸಿ ಕಾಲುಗಳನ್ನು ಬೆಳೆಸುತ್ತದೆ. ಅಡ್ರಿನಲ್ಲಿನ ಕಾರ್ಟಿಕೋಸ್ಟೀರೋನ್, ಥೈರಾಯ್ಡ್ ಹಾರ್ಮೋನನ್ನು ಅದರ ಹೆಚ್ಚು ಪ್ರಬಲ ರೂಪಕ್ಕೆ ಬದಲಿಸಲು ನೆರವಾಗಿ ಕೆಲಸವನ್ನು ಇನ್ನಷ್ಟು ಬೇಗ ಮುಗಿಸುತ್ತದೆ. ಸಿ.ಆರ್.ಎಚ್.ಅನ್ನು ತಡೆಯುವ ಮದ್ದು ಕೊಟ್ಟಾಗ ಗೊದಮೊಟ್ಟೆಗಳಿಗೆ ಆ ವೇಗ ಬರಲಿಲ್ಲ.

ಸ್ಮಿತ್ ಮತ್ತು ಅಲೆನ್ ಅವರ ಬೆಳ್ಳಿ ಗೊದಮೊಟ್ಟೆಗಳನ್ನು ಈಗ ಮತ್ತೆ ನೆನಪಿಸಿಕೊಳ್ಳಿ. ಬತ್ತುವ ಗುಂಡಿಯಲ್ಲಿ ಅಂಥದೊಂದು ಗೊದಮೊಟ್ಟೆ ಇದ್ದರೆ ಅದಕ್ಕೆ ಪಾರಾಗುವ ದಾರಿಯೇ ಇರುತ್ತಿರಲಿಲ್ಲ. ಥೈರಾಯ್ಡಿಗೂ ಅಡ್ರಿನಲ್ಲಿಗೂ ಅಪ್ಪಣೆ ಕೊಡುವ ಗ್ರಂಥಿಯೇ ಅದಕ್ಕಿಲ್ಲವಲ್ಲ!

ಮನುಷ್ಯನ ಚರ್ಮ ಹೇಳುವ ಸುದ್ದಿ

1855ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಥಾಮಸ್ ಅಡಿಸನ್ ಒಂದು ವಿಚಿತ್ರ ಕಾಯಿಲೆಯನ್ನು ವರ್ಣಿಸಿದರು. ರೋಗಿಗಳು ದಿನೇ ದಿನೇ ನಿತ್ರಾಣಗೊಳ್ಳುತ್ತಿದ್ದರು, ತೂಕ ಇಳಿಯುತ್ತಿತ್ತು, ಜೊತೆಗೆ ಚರ್ಮ ಕಪ್ಪಾಗುತ್ತಿತ್ತು. ಸತ್ತ ಮೇಲೆ ನೋಡಿದಾಗ ಅವರ ಅಡ್ರಿನಲ್ ಗ್ರಂಥಿಗಳು ಹಾಳಾಗಿದ್ದವು. ಮೂತ್ರಪಿಂಡದ ಮೇಲಿನ ಗ್ರಂಥಿ ಕೆಟ್ಟರೆ ಮುಖ ಏಕೆ ಕಪ್ಪಾಗಬೇಕು? ಅಡಿಸನ್ನರಿಗೆ ಉತ್ತರ ಗೊತ್ತಿರಲಿಲ್ಲ. ಕಪ್ಪೆಯನ್ನು ಬಲ್ಲ ನಿಮಗೆ ಈಗ ಗೊತ್ತಿದೆ.

ಅಡ್ರಿನಲ್ ಸತ್ತಾಗ ಕಾರ್ಟಿಸಾಲ್ ಇಳಿಯುತ್ತದೆ. ತೇಲುಗುಂಡು ಕೆಳಗಿಳಿದಂತಾಗಿ ಪಿಟ್ಯುಟರಿ ನಲ್ಲಿಯನ್ನು ಪೂರಾ ತೆರೆದು ಎ.ಸಿ.ಟಿ.ಎಚ್. ಸುರಿಸುತ್ತದೆ. ಅದರ ಮೊದಲ 13 ಮಣಿಗಳು ಎಂ.ಎಸ್.ಎಚ್.ನವೇ ಆದ್ದರಿಂದ ಚರ್ಮದ ವರ್ಣಕೋಶಗಳು ಅದಕ್ಕೂ ಓಗೊಡುತ್ತವೆ. ಕಪ್ಪೆಯಲ್ಲಿ ಎರಡು ಕೋಣೆಗಳಲ್ಲಿ ಬೇರೆ ಬೇರೆ ನಡೆಯುವ ಕೆಲಸ ನಮ್ಮಲ್ಲಿ ಒಂದೇ ಕೋಣೆಯಲ್ಲಿ ನಡೆಯುವುದರಿಂದ ಅಡ್ರಿನಲ್ಲಿನ ಗೋಳು ಚರ್ಮದ ಮೇಲೆ ಬರಹವಾಗಿ ಮೂಡುತ್ತದೆ. ನಮ್ಮ ದೇಶದಲ್ಲಿ ಈ ಕಾಯಿಲೆಗೆ ಕ್ಷಯರೋಗ ಇಂದಿಗೂ ಒಂದು ಮುಖ್ಯ ಕಾರಣ. ಮೈಬಣ್ಣ ಮೊದಲೇ ಕಪ್ಪಾಗಿರುವ ನಮ್ಮವರಲ್ಲಿ ಬದಲಾವಣೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ವೈದ್ಯರು ಅಂಗೈಯ ಗೆರೆಗಳು, ಬೆರಳ ಗೆಣ್ಣುಗಳು, ಒಸಡು, ಹಳೆಯ ಗಾಯದ ಕಲೆಗಳನ್ನು ನೋಡುವುದು ಇದಕ್ಕಾಗಿಯೇ. ಹಾಗೆಂದು ಗೆಣ್ಣು ಕಪ್ಪಾದವರೆಲ್ಲ ಗಾಬರಿಯಾಗಬೇಕಿಲ್ಲ. ಬಿ12 ಜೀವಸತ್ವದ ಕೊರತೆಯಿಂದಲೂ ಹೀಗಾಗುತ್ತದೆ. ಆದರೆ ಕಪ್ಪಾಗುವುದರ ಜೊತೆಗೆ ತೀರದ ಆಯಾಸ, ಎದ್ದು ನಿಂತರೆ ಕಣ್ಣು ಕತ್ತಲಿಡುವುದು, ವಾಂತಿ, ಉಪ್ಪಿನ ಮೇಲೆ ವಿಪರೀತ ಆಸೆ ಇವೂ ಕೂಡಿದ್ದರೆ ಬಿಸಿಲಿನ ಕಾರಣವೆಂದು ಸುಮ್ಮನಿರಬಾರದು. ಬೆಳಗಿನ ರಕ್ತದಲ್ಲಿ ಕಾರ್ಟಿಸಾಲ್ ಮತ್ತು ಎ.ಸಿ.ಟಿ.ಎಚ್. ಅಳೆದರೆ ರೋಗದ ಸುಳಿವು ಸಿಗುತ್ತದೆ. ದಿನನಿತ್ಯದ ಗುಳಿಗೆಯಿಂದ ರೋಗಿ ಎಲ್ಲರಂತೆ ಬಾಳಬಹುದು.

ಇದಕ್ಕೆ ತದ್ವಿರುದ್ಧವಾದ ಸ್ಥಿತಿಯೂ ಉಂಟು. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾದ ಕೆಲವು ತಾಯಂದಿರಲ್ಲಿ ಪಿಟ್ಯುಟರಿಗೆ ರಕ್ತ ಸಾಲದೆ ಅದರ ಕೋಶಗಳು ಸಾಯುತ್ತವೆ. 1937ರಲ್ಲಿ ಇದನ್ನು ವಿವರಿಸಿದ ಹೆರಾಲ್ಡ್ ಶೀಹನ್ ಅವರ ಹೆಸರಿನಿಂದಲೇ ಈ ರೋಗವನ್ನು ಕರೆಯುತ್ತಾರೆ. ಎದೆಹಾಲು ಬರುವುದಿಲ್ಲ, ಮುಟ್ಟು ನಿಲ್ಲುತ್ತದೆ, ಚಳಿ ತಡೆಯಲಾಗುವುದಿಲ್ಲ, ಸುಸ್ತು ಬಿಡುವುದಿಲ್ಲ. ಇಲ್ಲಿಯೂ ಅಡ್ರಿನಲ್ ಸೋತಿರುತ್ತದೆ. ಆದರೆ ಚರ್ಮ ಕಪ್ಪಾಗುವುದಿಲ್ಲ, ಬಿಳಿಚುತ್ತದೆ. ಏಕೆಂದರೆ ಅಪ್ಪಣೆ ಕೊಡುವ ಗ್ರಂಥಿಯೇ ಕೆಟ್ಟಿದೆ. ಇದು ಬೆಳ್ಳಿ ಗೊದಮೊಟ್ಟೆಯ ಸ್ಥಿತಿಯೇ ಅಲ್ಲವೆ? ಎಷ್ಟೋ ಹೆಣ್ಣುಮಕ್ಕಳು ಇದನ್ನು ಬಾಣಂತನದ ನಿಶ್ಶಕ್ತಿ ಎಂದು ತಿಳಿದು ವರ್ಷಗಟ್ಟಲೆ ನರಳುತ್ತಾರೆ. ಸರಪಳಿಯ ಯಾವ ಕೊಂಡಿ ಕಳಚಿದೆ ಎಂಬುದನ್ನು ಚರ್ಮದ ಬಣ್ಣವೇ ವೈದ್ಯರಿಗೆ ಸೂಚಿಸಬಲ್ಲದು.

ಮೂರನೆಯದು ನಾವೇ ತಂದುಕೊಳ್ಳುವ ಆಪತ್ತು. ಮಂಡಿನೋವಿಗೆ, ಉಬ್ಬಸಕ್ಕೆ, ಹಸಿವು ಹೆಚ್ಚಲೆಂದು ವೈದ್ಯರ ಚೀಟಿಯಿಲ್ಲದೆ ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್ ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಹೊರಗಿನಿಂದ ಬಂದ ಸ್ಟೀರಾಯ್ಡಿನಿಂದ ತೊಟ್ಟಿ ಸದಾ ತುಂಬಿರುತ್ತದೆ. ಪಿಟ್ಯುಟರಿ ಮೌನವಾಗುತ್ತದೆ, ಅಪ್ಪಣೆಯಿಲ್ಲದ ಅಡ್ರಿನಲ್ ಸೊರಗುತ್ತದೆ. ಒಂದು ದಿನ ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ ದೇಹದಲ್ಲಿ ಸ್ಟೀರಾಯ್ಡೇ ಇಲ್ಲದಂತಾಗಿ ಪ್ರಾಣಕ್ಕೇ ಅಪಾಯ. ಈ ರೋಗಿಯ ಚರ್ಮವೂ ಕಪ್ಪಾಗುವುದಿಲ್ಲವಾದ್ದರಿಂದ ಮುನ್ಸೂಚನೆಯೂ ಸಿಗುವುದಿಲ್ಲ. ಸ್ಟೀರಾಯ್ಡ್ ಕೆಟ್ಟ ಔಷಧಿಯಲ್ಲ. ವೈದ್ಯರು ಹೇಳಿದಷ್ಟು ತೆಗೆದುಕೊಳ್ಳಬೇಕು, ಅವರು ಹೇಳಿದಂತೆ ನಿಧಾನವಾಗಿ ಕಡಿಮೆ ಮಾಡಬೇಕು.

ನೀವೇ ನೋಡಿ

ಕಪ್ಪೆಯನ್ನು ಕತ್ತರಿಸದೆ ಇದರ ಒಂದು ಭಾಗವನ್ನು ಶಾಲೆಯಲ್ಲಿಯೇ ನೋಡಬಹುದು. ಗುಂಡಿಯೊಂದರಿಂದ ಕಂದು ಅಥವಾ ಬೂದು ಬಣ್ಣದ ನಾಲ್ಕಾರು ಗೊದಮೊಟ್ಟೆಗಳನ್ನು ಅದೇ ಗುಂಡಿಯ ನೀರಿನೊಂದಿಗೆ ತನ್ನಿ. ನೆಲಗಪ್ಪೆಯ ಗೊದಮೊಟ್ಟೆಗಳು ಸದಾ ಕಡುಗಪ್ಪಾಗಿರುವುದರಿಂದ ಅವುಗಳಲ್ಲಿ ವ್ಯತ್ಯಾಸ ಕಾಣುವುದು ಕಷ್ಟ. ಒಳಗೆ ಬಿಳಿಯಿರುವ ಒಂದು ಬೋಗುಣಿ, ಕಪ್ಪಿರುವ ಇನ್ನೊಂದು ಬೋಗುಣಿಯಲ್ಲಿ ಅರ್ಧರ್ಧ ಬಿಟ್ಟು, ನೆರಳಿದ್ದರೂ ಹಗಲ ಬೆಳಕು ಬೀಳುವ ಕಡೆ ಇಡಿ. ಎರಡು ಮೂರು ಗಂಟೆಗಳ ನಂತರ ಎರಡೂ ಕಡೆಯವನ್ನು ಒಂದೇ ಬಿಳಿ ತಟ್ಟೆಯಲ್ಲಿಟ್ಟು ತಡಮಾಡದೆ ಹೋಲಿಸಿ. ಅನಂತರ ಬೋಗುಣಿಗಳನ್ನು ಅದಲು ಬದಲು ಮಾಡಿ, ಸಂಜೆಯವರೆಗೆ ಗಮನಿಸಿ. ಕ್ಲೋರಿನ್ ಬೆರೆತ ನಲ್ಲಿ ನೀರು ಹಾಕಬೇಡಿ. ಅದೇ ದಿನ ಅವನ್ನು ತಂದ ಗುಂಡಿಗೇ ಮರಳಿ ಬಿಡಿ. ಬೇರೆ ಕೆರೆಗೆ ಬಿಟ್ಟರೆ ಕಪ್ಪೆಗಳ ರೋಗಾಣುಗಳೂ ಜೊತೆಗೆ ಹೋಗಬಹುದು.

ನಿಮ್ಮ ಹೊಲ ಎರೆಯೋ ಮಸಾರಿಯೋ ಎಂಬುದರ ಮೇಲೆ ಅಲ್ಲಿನ ಕಪ್ಪೆಗಳ ಬಣ್ಣ ಹೇಗಿದೆ, ಗುಂಡಿಯ ನೀರು ಎಷ್ಟು ದಿನ ನಿಂತಿತು, ಮರಿಗಪ್ಪೆಗಳು ಎಷ್ಟನೆಯ ದಿನ ಹೊರಬಂದವು ಎಂದು ಬರೆದಿಡಿ. ಗದಗ-ಬೆಟಗೇರಿಯ ಮತ್ತು ಮುಂಡರಗಿಯ ಶಾಲೆಗಳ ಮಕ್ಕಳು ತಮ್ಮ ಪಟ್ಟಿಗಳನ್ನು ಹೋಲಿಸಿ ನೋಡಿದರೆ ಒಳ್ಳೆಯ ವಿಜ್ಞಾನ ಯೋಜನೆಯೇ ಆದೀತು.

ಭಾರತ ಸರ್ಕಾರ 1987ರಲ್ಲಿ ಕಪ್ಪೆ ಕಾಲುಗಳ ರಫ್ತನ್ನು ನಿಷೇಧಿಸಿತು. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಆದರೆ ಕಪ್ಪೆಗಳು ಮೊಟ್ಟೆಯಿಡುವುದು ಬಹುಪಾಲು ನಮ್ಮ ಹೊಲದ ತಗ್ಗುಗಳಲ್ಲಿ, ಊರಿನ ಹೊಂಡಗಳಲ್ಲಿ. ಅವುಗಳಿಗೆ ಮಣ್ಣು ತುಂಬಿ, ಕಸ ಸುರಿದು, ಕೀಟನಾಶಕದ ಡಬ್ಬಿಗಳನ್ನು ತೊಳೆದರೆ ಯಾವ ಹಾರ್ಮೋನೂ ಗೊದಮೊಟ್ಟೆಯನ್ನು ಕಾಪಾಡಲಾರದು. ಮುಂದಿನ ಮಳೆಗೆ ನಿಮ್ಮ ಊರಿನ ಗುಂಡಿಯೊಂದು ಒಂದು ತಿಂಗಳು ತಿಳಿನೀರಿನಿಂದ ಉಳಿಯುವಂತೆ ನೋಡಿಕೊಳ್ಳಿ. ಉಳಿದ ಕೆಲಸವನ್ನು ಆ ಸಾಸಿವೆ ಕಾಳಿನಷ್ಟು ಗ್ರಂಥಿ ನೋಡಿಕೊಳ್ಳುತ್ತದೆ.